ರೊಸಾಮೆಲ್ ತರಿಸಿದ ಪೆಟ್ಟಿಗೆ

“ಇದಿನ್ನೂ ಬಿಸಿಯಾಗೇ ಇದೆಯಲ್ಲೇ,” ಎಂದು ಪಕ್ಕದ ಮನೆಯ ಸುನಿಲ್ದಾ ಕೈ ಹಿಂದಕ್ಕೆ ಎಳೆದುಕೊಂಡಳು.

ಆಸ್ಪತ್ರೆಯಿಂದ ರೊಸಾಮೆಲ್ ಓಯಾರ್ಸೊನ ದೇಹ ಬರುವ ಹೊತ್ತಾಗಿತ್ತು. ಮುಂಗೋಣೆಯಲ್ಲಿ ಜಾಗ ಮಾಡಬೇಕಿತ್ತು. ಸೋಫಾ ಹೊರಗೆ ಹೋಗಿತ್ತು, ಹಾಡಿನ ತಟ್ಟೆಗಳ ಕಪಾಟು ಗೋಡೆಗೆ ಸರಿದಿತ್ತು. ಉಳಿದದ್ದು ಕಿಟಕಿಯ ಕೆಳಗಿನ ಮೇಜು, ಅದರ ಮೇಲೆ ಅವನ ಹೆಡ್‌ಫೋನ್ ಆಂಪ್ಲಿಫಯರ್: ನಾಲ್ಕು ಇಟ್ಟಿಗೆ ಜೋಡಿಸಿಟ್ಟಷ್ಟು ಗಾತ್ರದ ಬೆಳ್ಳಿಬಣ್ಣದ ಡಬ್ಬ, ಮುಂಭಾಗದಲ್ಲಿ ಒಂದೇ ಒಂದು ದಪ್ಪ ಗುಂಡಿ, ತಲೆಯ ಮೇಲೆ ಮಂದವಾಗಿ ಉರಿಯುವ ಎರಡು ಗಾಜಿನ ಬುರುಡೆ. ಭಾನುವಾರ ಮಧ್ಯಾಹ್ನ ಅವನು ಹೆಡ್‌ಫೋನ್ ಹಾಕಿಕೊಂಡಂತೆಯೇ ಕುರ್ಚಿಯಿಂದ ವಾಲಿದ್ದ. ಮಂಗಳವಾರ ತೀರಿಕೊಂಡ. ಇವತ್ತು ಬುಧವಾರ. ಅಷ್ಟೂ ಹೊತ್ತು ಅದನ್ನು ಆರಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಅವನ ಹೆಂಡತಿ ಎದೆಲ್ಮೀರಾಗೆ ಅದರ ಸ್ವಿಚ್ ಎಲ್ಲಿದೆಯೆಂದೂ ಗೊತ್ತಿರಲಿಲ್ಲ. ಎರಡು ವರ್ಷದಿಂದ ಅದರ ಸುತ್ತಲಿನ ಧೂಳು ಒರೆಸಿದ್ದಳೇ ಹೊರತು ಒಂದು ದಿನವೂ ಅದನ್ನು ಮುಟ್ಟಿರಲಿಲ್ಲ.

ಅಷ್ಟರಲ್ಲಿ ದೋನ್ ಬಾಲ್ದೊ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದ. ಬಂದರಿನ ಹಿಂದಿನ ಬೀದಿಯಲ್ಲಿ ರೇಡಿಯೊ ರಿಪೇರಿ ಮಾಡುವವನು, ರೊಸಾಮೆಲ್‌ಗೆ ಇದ್ದ ಒಬ್ಬನೇ ಗೆಳೆಯ. ಎದೆಲ್ಮೀರಾಳನ್ನು ತಬ್ಬಿ ಸಂತಾಪ ಹೇಳಿ, ಡಬ್ಬದ ಹಿಂದೆ ಕೈಹಾಕಿ ಏನೋ ಒತ್ತಿದ. ಬುರುಡೆ ಆರಿದ ಮೇಲೂ ಅದನ್ನು ಎತ್ತಲು ಬಿಡಲಿಲ್ಲ. ತಣ್ಣಗಾಗಲಿ ಎಂದು ಗಡಿಯಾರ ನೋಡುತ್ತ ನಿಂತ.

“ಮನುಷ್ಯನನ್ನ ಆಸ್ಪತ್ರೇಲಿ ಇಷ್ಟು ಜೋಪಾನ ಮಾಡಿದ್ರೆ ಬದುಕ್ತಿದ್ದನೇನೋ,” ಎಂದಳು ಸುನಿಲ್ದಾ.

*

ರೊಸಾಮೆಲ್ ಮೂವತ್ತೆರಡು ವರ್ಷ ವಾಲ್ಪರೈಸೊ ಬಂದರಿನ ಟಗ್ ದೋಣಿಗಳ ಇಂಜಿನ್ ಕೋಣೆಯಲ್ಲಿ ದುಡಿದವನು. ದೊಡ್ಡ ಹಡಗುಗಳನ್ನು ದಡಕ್ಕೆ ಎಳೆದು ತರುವ ಆ ಪುಟ್ಟ ದೋಣಿಗಳ ಹೊಟ್ಟೆಯೊಳಗೆ ಅವನ ಆಯುಷ್ಯ ಕಳೆದಿತ್ತು. ಕುಡಿತ ಹೆಚ್ಚಿಲ್ಲ, ಫುಟ್‌ಬಾಲ್ ಹುಚ್ಚಿಲ್ಲ. ಇದ್ದದ್ದು ಬೊಲೆರೊ ಹಾಡುಗಳ ಹುಚ್ಚು ಒಂದೇ. ನಿವೃತ್ತನಾದ ಮೇಲೆ ದಿನವೂ ಬಾಲ್ದೊನ ಅಂಗಡಿಗೆ ಹೋಗಿ ಕೂರುತ್ತಿದ್ದ. ಜಪಾನಿನಲ್ಲಿ ಅಣ್ಣತಮ್ಮಂದಿರಿಬ್ಬರು ವರ್ಷಕ್ಕೆ ಹತ್ತೋ ಹನ್ನೆರಡೋ ಆಂಪ್ಲಿಫಯರ್ ಕೈಯಲ್ಲೇ ಕಟ್ಟುತ್ತಾರೆ, ಅದು ಸಣ್ಣ ದನಿಯನ್ನೂ ಕೆಡದಂತೆ ದೊಡ್ಡದು ಮಾಡುತ್ತದೆ ಎಂಬ ಸುದ್ದಿ ಕೇಳಿದ್ದು ಅಲ್ಲಿಯೇ.

ಅದಕ್ಕಾಗಿ ಅವನು ತೆಂಕಣದ ಚಿಲೊಯೆ ದ್ವೀಪದಲ್ಲಿ ತಾಯಿಯಿಂದ ಬಂದಿದ್ದ ತುಂಡು ನೆಲವನ್ನು ಮಾರಿದ. ಅಡುಗೆಮನೆಯ ತಗಡು ಸೋರುತ್ತಿದೆ, ಇವನಿಗೆ ಕಿವಿಗೆ ಅರಮನೆ ಬೇಕಂತೆ ಎಂದು ಎದೆಲ್ಮೀರಾ ಬೀದಿಗೆ ಕೇಳುವಂತೆ ಕೂಗಾಡಿದಳು. ಅವನು ಜಗಳಕ್ಕೆ ನಿಲ್ಲಲಿಲ್ಲ.

“ಜೀವಮಾನದಲ್ಲಿ ಇದೊಂದು, ಎದೆಲ್ಮೀರಾ,” ಎಂದಷ್ಟೇ ಹೇಳಿದ.

ಪತ್ರಗಳನ್ನು ಬಾಲ್ದೊ ತನ್ನ ಹರುಕುಮುರುಕು ಇಂಗ್ಲಿಷಿನಲ್ಲಿ ಬರೆದ. ಜಪಾನಿನ ವಿದ್ಯುತ್ತು ನೂರು ವೋಲ್ಟಿನದು, ಇಲ್ಲಿಯದು ಇನ್ನೂರಿಪ್ಪತ್ತು. ಹಾಗೇ ಚುಚ್ಚಿದರೆ ಸುಟ್ಟುಹೋಗುತ್ತದೆ. ನಿಮಗಾಗಿ ಬೇರೆ ಸುರುಳಿ ಸುತ್ತುತ್ತೇವೆ, ತಾಳಿಕೊಳ್ಳಿ ಎಂದು ಉತ್ತರ ಬಂತು. ಏಳು ತಿಂಗಳು ತಾಳಿಕೊಂಡರು. ಬಂದ ಮೇಲೆ ಸುಂಕದ ಕಟ್ಟೆಗೆ ಮೂರು ಸಲ ಅಲೆದರು. ಮನೆಗೆ ತಂದ ದಿನ ರೊಸಾಮೆಲ್ ಒಳಗಿನ ಒಂದೊಂದು ಪದರ ಕಾಗದವನ್ನೂ ಹರಿಯದೆ ಬಿಡಿಸಿ, ಮಡಿಸಿ ಎತ್ತಿಟ್ಟ. ಆಮೇಲೆ ಹೆಡ್‌ಫೋನ್ ಏರಿಸಿ ಕಣ್ಣು ಮುಚ್ಚಿದವನು ಸಂಜೆಯ ಚಹಾಕ್ಕೂ ಏಳಲಿಲ್ಲ.

ಅಂದಿನಿಂದ ಕರೆದರೆ ಓಗೊಡುವುದು ನಿಂತಿತು. ಎರಡು ಸಲ ಕರೆದರೆ ಒಮ್ಮೆ ತಿರುಗುತ್ತಿದ್ದ. ಗಂಡ ದುಡ್ಡು ಕೊಟ್ಟು ತಂದದ್ದು ಹಾಡಿನ ಯಂತ್ರವನ್ನಲ್ಲ, ತನ್ನ ಮುಖಕ್ಕೆ ಹಾಕಲು ಒಂದು ಬಾಗಿಲನ್ನು ಎಂದು ಎದೆಲ್ಮೀರಾ ತೀರ್ಮಾನಿಸಿದಳು.

*

ಮಧ್ಯಾಹ್ನದ ಹೊತ್ತಿಗೆ ಮುಂಗೋಣೆ ತುಂಬಿತ್ತು. ಟಗ್ ದೋಣಿಯ ಹಳಬರು ಶವಪೆಟ್ಟಿಗೆಯ ಪಕ್ಕ ಹೂವಿನ ಚಕ್ರ ತಂದು ನಿಲ್ಲಿಸಿದ್ದರು. ಅಡುಗೆಮನೆಯಲ್ಲಿ ಮಗಳು ಯಾಸ್ನಾ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಳು. ಬಾಲ್ದೊ ಅಲ್ಲಿಗೇ ತಂದಿಟ್ಟಿದ್ದ ಡಬ್ಬದ ಪಕ್ಕದಲ್ಲಿ ಅದಕ್ಕೆ ಕಾವಲಿರುವವನಂತೆ ಕೂತು ಚಹಾ ಕುಡಿಯುತ್ತಿದ್ದ. ಗೆಳೆಯ ಎಷ್ಟು ನೇರ ಮನುಷ್ಯ ಎಂಬುದಕ್ಕೆ ಅವನು ಸುಂಕದ ಕಟ್ಟೆಯ ಕಥೆ ತೆಗೆದ. ಇದು ಕಿವಿ ಮಂದವಾದವರ ಬಳಕೆಗಾದರೆ ಡಾಕ್ಟರ ಚೀಟಿ ಕೊಡಿ, ಕೇಳಿ ನೋಡೋಣ, ಏನಾದರೂ ರಿಯಾಯಿತಿ ಸಿಕ್ಕೀತು ಎಂದು ಅಧಿಕಾರಿ ತಾನಾಗಿಯೇ ಹೇಳಿದ್ದಳಂತೆ. ಚೀಟಿ ರೊಸಾಮೆಲ್‌ನ ಜೇಬಿನಲ್ಲೇ ಇತ್ತಂತೆ. ಅವನು ಅದನ್ನು ಹೊರಗೆ ತೆಗೆಯದೆ, ‘ಹಾಡು ಕೇಳಲು’ ಎಂದು ಬರೆದು ಪೂರ್ತಿ ಸುಂಕ ಕಟ್ಟಿ ಬಂದನಂತೆ.

“ಯಾವ ಚೀಟಿ?” ಎಂದಳು ಎದೆಲ್ಮೀರಾ.

ಬಾಲ್ದೊ ಲೋಟ ಕೆಳಗಿಟ್ಟ. ತಾಯಿ-ಮಗಳಿಬ್ಬರ ಮುಖವನ್ನೂ ನೋಡಿದ.

“ನಿಮಗೆ ಹೇಳಿರಲಿಲ್ವಾ? ಇಂಜಿನ್ನು ಅವನ ಕಿವೀನ ತಿಂದುಹಾಕಿತ್ತು. ದನಿ ಕೇಳ್ತಿತ್ತು, ಮಾತು ಬಿಡಿಬಿಡಿಯಾಗಿ ತಿಳೀತಿರಲಿಲ್ಲ. ಡಾಕ್ಟರು ಕಿವಿಯಂತ್ರ ಕೊಟ್ಟಿದ್ರು. ಒಂದು ವಾರ ನನ್ನ ಅಂಗಡೀಲೇ ಕೂತು ಹಾಕ್ಕೊಂಡು ನೋಡಿದ. ಮಾತೇನೋ ಕೇಳ್ತು. ಆದ್ರೆ ಹಾಡು ತಗಡು ಬಡಿದ ಹಾಗೆ ಕೇಳುತ್ತೆ ಅಂದ. ವಾಪಸ್ಸು ಕೊಟ್ಬಿಟ್ಟ.”

ಯಾಸ್ನಾಳ ಚಾಕು ನಿಂತಿತು. “ಅಂದ್ರೆ ನಮ್ಮ ಮಾತು ಬೇಡ, ಹಾಡು ಸಾಕು ಅಂದ್ರಾ ಅಪ್ಪ?”

“ಹಾಗೆ ಹೇಳ್ಬೇಡಮ್ಮ. ಎದುರಿಗೆ ಕೂತರೆ ತುಟಿ ನೋಡಿ ತಿಳ್ಕೊತಿದ್ದ. ಕಿವುಡ ಅನ್ನಿಸ್ಕೊಳ್ಳೋಕೆ ಮಾತ್ರ ಅವನಿಗೆ ಆಗ್ತಿರಲಿಲ್ಲ.”

ಎದೆಲ್ಮೀರಾ ಕೇಳಿದಳು: “ಬೆನ್ನು ಹಾಕಿ ಮಾತಾಡಿದ್ರೆ?”

“ಏನೂ ತಿಳೀತಿರಲಿಲ್ಲ.”

“ಮತ್ತೆ ಉತ್ತರ ಕೊಡ್ತಿದ್ದನಲ್ಲ?”

“ಅದು ಅಂದಾಜಿನ ಮೇಲೆ. ಮಾತು ನಿಂತಿತು ಅನ್ನಿಸಿದ ಕೂಡ್ಲೆ ‘ಆಯ್ತು ಬಿಡು’ ಅಂದ್ಬಿಡೋದು. ನನ್ನ ಗಿರಾಕಿಗಳಿಗೂ ಹಾಗೇ ಅಂತಿದ್ದ.”

*

ಹಿಂದಿನ ಆಗಸ್ಟಿನಲ್ಲಿ, ಒಂದು ಚಳಿಯ ಮಧ್ಯಾಹ್ನ, ಎದೆಲ್ಮೀರಾ ನಲ್ಲಿಯ ಕೆಳಗೆ ಚಿಪ್ಪುಮೀನು ತೊಳೆಯುತ್ತಿದ್ದಳು. ತಂತಿ ಬಿಡಿಸಿದ ಹೆಡ್‌ಫೋನನ್ನು ಕುತ್ತಿಗೆಗೆ ಇಳಿಸಿಕೊಂಡು ರೊಸಾಮೆಲ್ ಹಿಂದೆ ಅಡುಗೆಮನೆಯ ಮೇಜಿನ ಹತ್ತಿರ ಕೂತಿದ್ದ. ಇಪ್ಪತ್ತಾರು ವರ್ಷ ಗಂಟಲಲ್ಲಿ ಇಟ್ಟುಕೊಂಡದ್ದನ್ನು ಅವಳು ಅಂದು ಹೇಳಿದಳು. ಮುಖ ನೋಡಿದರೆ ಹೇಳಲಾಗುವುದಿಲ್ಲವೆಂದೇ ನಲ್ಲಿಯ ಕಡೆಗೆ ತಿರುಗಿ ನಿಂತಿದ್ದಳು.

ಇಪ್ಪತ್ತಾರು ವರ್ಷದ ಹಿಂದಿನ ಮಾತು: ಯಾಸ್ನಾಳ ಮದುವೆ ಶನಿವಾರವಿತ್ತು. ರೊಸಾಮೆಲ್‌ನ ಅಕ್ಕ ಚಿಲೊಯೆಯಿಂದ ಗುರುವಾರ ಫೋನು ಮಾಡಿದ್ದಳು: ಅಮ್ಮ ಈಗಲೋ ಆಗಲೋ ಎನ್ನುವಂತಿದ್ದಾಳೆ, ಬಾಯಲ್ಲಿ ಅವನದೇ ಹೆಸರು, ಈಗಲೇ ಹೊರಡಿಸು. ಹೇಳುತ್ತೇನೆ ಎಂದು ಎದೆಲ್ಮೀರಾ ಫೋನು ಇಟ್ಟಳು. ಹೇಳಲಿಲ್ಲ. ಅವನು ಹೊರಟರೆ ಮಗಳನ್ನು ಚರ್ಚಿನೊಳಗೆ ಕೈಹಿಡಿದು ನಡೆಸುವವರು ಯಾರು? ಮುದುಕಿ ಹಿಂದೆಯೂ ಎರಡು ಸಲ ಹೀಗೆ ಸಾವಿನ ಬಾಗಿಲಿಗೆ ಹೋಗಿ ಬಂದಿದ್ದಳು. ಭಾನುವಾರ, ಫೋನು ಈಗಷ್ಟೇ ಬಂತೆಂಬಂತೆ ಹೇಳಿದಳು. ಅವನು ಬಸ್ಸು ಹಿಡಿದು, ಕಡವು ದಾಟಿ ಊರು ಸೇರುವಾಗ ಮಣ್ಣು ಮಾಡಿಯಾಗಿತ್ತು. ತಿಳಿದೂ ಬರಲಿಲ್ಲವೆಂದು ಅಕ್ಕ ಅವನ ಮುಖ ನೋಡಲಿಲ್ಲ, ಸಾಯುವ ತನಕ ಮಾತಾಡಲಿಲ್ಲ. ಏಕೆಂದು ಅವನಿಗೆ ತಿಳಿಯಲೇ ಇಲ್ಲ. ಯಾಸ್ನಾಳ ಆ ದಾಂಪತ್ಯ ಉಳಿದದ್ದು ನಾಲ್ಕೇ ವರ್ಷ.

ಎಲ್ಲವನ್ನೂ ಹೇಳಿ ಮುಗಿಸಿ ಅವಳು ನಲ್ಲಿ ನಿಲ್ಲಿಸಿದಳು. ಹಿಂದಿನಿಂದ ಅವನ ದನಿ ಬಂತು: “ಆಯ್ತು ಬಿಡು, ಎದೆಲ್ಮೀರಾ.”

ಎಷ್ಟು ಮೆತ್ತಗೆ ಹೇಳಿದ್ದ. ಅವಳು ಒದ್ದೆ ಕೈಯನ್ನು ಕಣ್ಣಿಗೆ ಒತ್ತಿಕೊಂಡಳು. ಅಂದಿನಿಂದ ಚೆನ್ನಾಗಿ ನಿದ್ದೆ ಬರುತ್ತಿತ್ತು.

*

ನಾಲ್ಕು ಗಂಟೆಗೆ ಟಗ್ ದೋಣಿಯವರು ಪೆಟ್ಟಿಗೆಯನ್ನು ಹೆಗಲಿಗೇರಿಸಿ ಗುಡ್ಡದ ಮೆಟ್ಟಿಲು ಇಳಿಸಿದರು. ಪ್ಲಾಯಾ ಆಂಚಾ ಸ್ಮಶಾನದಲ್ಲಿ ಕಡಲಿಗೆ ಮುಖ ಮಾಡಿದ ಗೋಡೆಯಲ್ಲಿ ಶವಪೆಟ್ಟಿಗೆ ಇಟ್ಟು ಮುಚ್ಚುವ ಗೂಡುಗಳಲ್ಲಿ ಎರಡನೇ ಸಾಲಿನದು ಅವನದು. ಪಾದ್ರಿ ಪ್ರಾರ್ಥನೆ ಮುಗಿಸಿದರು. ಪೆಟ್ಟಿಗೆ ಗೂಡಿನೊಳಗೆ ಕರಕರ ಎನ್ನುತ್ತ ಸರಿಯಿತು. ಗಾರೆಯವನು ಮುಚ್ಚುವ ಹಲಗೆಯನ್ನು ಕಾಲಿಗೆ ಒರಗಿಸಿಕೊಂಡು ಕರಣೆ ತುಂಬ ಗಾರೆ ತೆಗೆದ.

“ಸ್ವಲ್ಪ ತಡೆಯಪ್ಪ,” ಎಂದಳು ಎದೆಲ್ಮೀರಾ.

ಗೂಡಿನ ಬಾಯಿಗೆ ಎರಡೂ ಕೈ ಊರಿ ಬಗ್ಗಿದಳು. ಕಿವುಡರೊಡನೆ ಮಾತಾಡುವ ಹಾಗೆ, ಒಂದೊಂದೇ ಮಾತು ಬಿಡಿಸಿ, ಗಟ್ಟಿಯಾಗಿ ಹೇಳಿದಳು:

“ರೊಸಾಮೆಲ್, ನಿಮ್ಮಕ್ಕ ಗುರುವಾರಾನೇ ಫೋನ್ ಮಾಡಿದ್ಲು. ನಿಮ್ಮಮ್ಮ ನಿನ್ನ ಕೇಳ್ತಿದ್ರಂತೆ. ನಾನು ಭಾನುವಾರದ ತನಕ ಹೇಳ್ಲಿಲ್ಲ.”

ತಾಯಿಯ ಮೊಣಕೈ ಹಿಡಿದಿದ್ದ ಯಾಸ್ನಾಳ ಕೈ ಸಡಿಲಿತು. ಬಾಲ್ದೊ ಟೋಪಿಯ ಅಂಚನ್ನು ತಿರುಗಿಸುತ್ತ ನಿಂತ. ಎದೆಲ್ಮೀರಾ ಬಗ್ಗಿದವಳು ಏಳಲಿಲ್ಲ. ಗಾರೆಯವನು ಅವಳ ಬೆನ್ನನ್ನು ಒಮ್ಮೆ ನೋಡಿ ಕಡಲಿನ ಕಡೆಗೆ ತಿರುಗಿಕೊಂಡ. ಕರಣೆಯಿಂದ ಗಾರೆ ಮುದ್ದೆಮುದ್ದೆಯಾಗಿ ಅವನ ಬೂಟಿನ ಮೇಲೆ ಬಿದ್ದಿತು. ಗಾರೆಯ ಬಾಂಡಲಿಯಲ್ಲಿ ಉಳಿದದ್ದು ಬಿರುಸಾಗತೊಡಗಿದಾಗ ಅವನು ಸದ್ದಾಗದಂತೆ ಕೂತು, ಒಂದು ಡಬ್ಬಿ ನೀರು ಸುರಿದು, ಅದನ್ನು ಮೊದಲಿನಿಂದ ಕಲಸತೊಡಗಿದ.