ಮೊನ್ಸೆಫ್ ಹಿಡಿದ ಕೊನೆಯ ಡೇಗೆ

ಸತ್ತವರ ಹೆಸರು ಎತ್ತಿದರೆ ಹಿಂದೆಯೇ ‘ದೇವರು ಕರುಣೆ ತೋರಲಿ’ ಎನ್ನುವುದು ನಮ್ಮ ಊರು ಹವಾರಿಯಾದಲ್ಲಿ ರೂಢಿ. ಆಗದವನ ಹೆಸರಿಗೂ ಆ ಮಾತು ತಾನಾಗಿ ಅಂಟಿಕೊಂಡು ಬರುತ್ತದೆ. ಗಂಡ ಮೊನ್ಸೆಫ್ ಸತ್ತು ಎಪ್ಪತ್ತು ದಿನವಾದರೂ ಪಕ್ಕದ ಮನೆಯ ಬೇಯಾ ಅದನ್ನು ಒಮ್ಮೆಯೂ ಹೇಳಿರಲಿಲ್ಲ. ‘ಆ ಸುಳ್ಳ’ ಎನ್ನುತ್ತಿದ್ದಳು.

ಮಂಡಿ ನೋವಿನ ಮೊನ್ಸೆಫ್ ಈ ವರ್ಷ ಗುಡ್ಡ ಹತ್ತುವುದಿಲ್ಲವೆಂದು ಅವಳ ತಲೆ ಮುಟ್ಟಿ ಆಣೆ ಮಾಡಿದ್ದ. ಆದರೂ ಏಪ್ರಿಲ್‌ನ ಒಂದು ಬೆಳಗ್ಗೆ ಬೇಟೆಹಕ್ಕಿ ಡೇಗೆಯನ್ನು ಹಿಡಿಯುವ ಬಲೆ ಹೊತ್ತು ಹೋದ. ಇಳಿಯುವಾಗ ಕಾಲು ಜಾರಿತು. ಅವನನ್ನು ಎತ್ತಿದಾಗ ಬಟ್ಟೆಯಲ್ಲಿ ಸುತ್ತಿದ್ದ ಡೇಗೆ ಅಂಗಿಯೊಳಗೆ ಜೀವಂತವಾಗಿತ್ತು. ಬೇಯಾ ಅದರ ಮುಖ ನೋಡಲೊಲ್ಲದೆ ನನ್ನ ಗಂಡ ಲಮೀನ್‌ಗೆ ಕೊಡಿಸಿದಳು.

ಕೇಳಿದವಳ ಮನೆಗೇ ಹಕ್ಕಿ ಬಂತು. ಮೊನ್ಸೆಫ್‌ನನ್ನು ಗುಡ್ಡ ಹತ್ತಿಸಿದವಳು ನಾನು. ಆ ವರ್ಷ ಲಮೀನ್‌ನ ಬಲೆಗೆ ಒಂದೂ ಬಿದ್ದಿರಲಿಲ್ಲ. ಗಂಡಸರೆಲ್ಲ ಕೈಮೇಲೆ ಡೇಗೆ ಕೂರಿಸಿಕೊಂಡು ಬರುವ ಕಾಫಿ ಅಂಗಡಿಗೆ ಬರಿಗೈಯಲ್ಲಿ ಹೋಗಲಾರದೆ ಅವನು ಮನೆಯ ಮೂಲೆ ಹಿಡಿದಿದ್ದ. ನಾನೇ ಗೋಡೆಯಾಚೆ ಬಗ್ಗಿ ಮೊನ್ಸೆಫ್‌ನನ್ನು ಬೇಡಿಕೊಂಡಿದ್ದೆ. ಇದು ಲಮೀನ್‌ಗೂ ಗೊತ್ತಿಲ್ಲ.

ಮೊನ್ಸೆಫ್ ಸತ್ತಂದಿನಿಂದ ದಿನವೂ ಬೆಳಗ್ಗೆ ಬೇಯಾಗೆಂದು ಒಂದು ಬೋಗುಣಿ ಗೋಧಿ ರವೆಯ ಕೂಸ್‌ಕೂಸ್ ಗೋಡೆಯ ಮೇಲೆ ಇಡುತ್ತಿದ್ದೆ. ಸಂಜೆ ಬೋಗುಣಿ ಮರಳಿ ಬರುವಾಗ ಅದರಲ್ಲಿ ಎರಡು ಮೊಟ್ಟೆ ಇರುತ್ತಿದ್ದವು, ಇಲ್ಲವೇ ಒಂದು ಹಿಡಿ ಒಣ ಅಂಜೂರ. ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವವರು ನಮ್ಮಲ್ಲಿಲ್ಲ. ಆ ಅಂಜೂರವನ್ನು ನಾನು ಕದ್ದವಳ ಹಾಗೆ ತಿನ್ನುತ್ತಿದ್ದೆ.

ಜೂನ್‌ನಲ್ಲಿ ಲಮೀನ್ ಒಂದು ದಿನ, “ಅವಳನ್ನ ಲಾವಕ್ಕಿ ಬೇಟೆಗೆ ಕರಿ. ಒಳಗೇ ಕೂತು ಕೂತು ಕೊಳೀತಾಳೆ,” ಎಂದ. ವಿಧವೆ ನಾಲ್ಕು ತಿಂಗಳು ಹತ್ತು ದಿನ ಸುಮ್ಮನೆ ಹೊಸ್ತಿಲು ದಾಟುವಂತಿಲ್ಲ. ಆದರೆ ಮನೆಯ ಹಿಂದಿನ ಗೋಧಿ ಹೊಲ ಅವಳದೇ. ಸ್ವಂತ ಹೊಲವೆಂದರೆ ಸ್ವಂತ ಅಂಗಳವೆಂದು ಊರ ಮುದುಕಿಯರೇ ಒಪ್ಪಿದರು.

ಬೇಯಾ ಗೊಣಗುತ್ತಲೇ ಬಂದಳು. ಲಮೀನ್ ಡೇಗೆಯನ್ನು ಅವಳ ಅಂಗೈಗೆ ಇಟ್ಟ. ನಮ್ಮವರು ಇದನ್ನು ಹಾರಬಿಡುವುದಿಲ್ಲ. ಲಾವಕ್ಕಿ ಎದ್ದ ಕ್ಷಣ ಚೆಂಡಿನಂತೆ ಎಸೆಯುತ್ತಾರೆ. ಅವನು ಕೋಲು ಹಿಡಿದು ಕೂಳೆ ಬಡಿಯುತ್ತ ಮುಂದೆ ನಡೆದ.

“ತಂಗೀ, ರೊಟ್ಟಿ ತಟ್ಟೋ ಹಾಗಲ್ಲ, ಕಲ್ಲು ಎಸೆಯೋ ಹಾಗೆ!”

“ಇಷ್ಟು ವರ್ಷ ನಿನ್ನ ಹೆಂಡ್ತಿ ರೊಟ್ಟೀನೇ ನಾಯಿಗೆ ಎಸೆದಿದೀನಿ ಅಣ್ಣಾ. ಕಲ್ಲಿಗೂ ಅದಕ್ಕೂ ಏನು ವ್ಯತ್ಯಾಸ?”

“ಅದನ್ನ ತಿಂದೂ ನಾನು ಬದುಕಿದೀನಲ್ಲ, ಅದು ಪವಾಡ!”

ಮೊದಲ ಲಾವಕ್ಕಿ ತಪ್ಪಿತು. ಎರಡನೆಯದು ಅವಳ ಕಾಲಬುಡದಿಂದಲೇ ಎದ್ದಿತು. ಬೇಯಾ ತೋಳು ಬೀಸಿ ಎಸೆದಳು. ಡೇಗೆ ನೆಲದ ಮಟ್ಟದಲ್ಲೇ ಸಾಗಿ ಅದನ್ನು ಕೆಡವಿತು. ಬೇಯಾ ಲಂಗ ಎತ್ತಿ ಹಿಡಿದು, ಜೋರಾಗಿ ನಗುತ್ತ ಓಡಿದಳು. ಎಪ್ಪತ್ತು ದಿನಗಳ ನಂತರ ಆ ನಗು ಕೇಳಿ ನನಗೆ ಸಂತೋಷವಾಗಬೇಕಿತ್ತು. ಬದಲಿಗೆ ಹಕ್ಕಿಯಿಂದ ಕಣ್ಣು ತಪ್ಪಿಸಿದೆ.

ಲಮೀನ್ ಹೊಲದ ಆ ತುದಿಯಲ್ಲಿದ್ದ. ಬೇಯಾ ಲಾವಕ್ಕಿಯ ಎದೆ ಸೀಳಿ, ಹೃದಯವನ್ನು ಡೇಗೆಗೆ ತಿನ್ನಿಸಿದಳು. ನಗು ಅಷ್ಟರಲ್ಲಿ ಬತ್ತಿತ್ತು.

“ಚಂದ ಇದೀಯ ಬಿಡು,” ಅದಕ್ಕೇ ಹೇಳಿದಳು. “ನಿನಗೋಸ್ಕರ ಆ ಸುಳ್ಳ ನನ್ನ ತಲೆ ಮೇಲಿಟ್ಟ ಕೈನೂ ಮರೆತ.” ನನ್ನತ್ತ ತಿರುಗಿದಳು. “ನೋಡು ವಸೀಲಾ, ಇಪ್ಪತ್ತೆರಡು ವರ್ಷ ಬಾಳಿದ್ದು ನಾನು. ಗೆದ್ದಿದ್ದು ಇದು.”

ಸುಮ್ಮನಿದ್ದಿದ್ದರೆ ಅವಳು ನನ್ನವಳಾಗಿಯೇ ಉಳಿಯುತ್ತಿದ್ದಳು.

“ಅವನು ತನಗಾಗಿ ಹೋಗಲಿಲ್ಲ ಕಣೇ,” ಎಂದೆ. “ನಾನು ಕೇಳಿದ್ದೆ. ಲಮೀನ್‌ಗೆ ಒಂದು ಹಕ್ಕಿ ಹಿಡಿದು ಕೊಡು ಅಂತ. ಮೂರು ಸಲ ಆಗಲ್ಲ ಅಂದ. ನಾನು ಅತ್ತುಬಿಟ್ಟೆ.”

ಅವಳ ಬೆರಳಲ್ಲಿ ರಕ್ತ ಒಣಗುತ್ತಿತ್ತು.

“ನನ್ನ ಬಗ್ಗೆ ಏನಾದ್ರೂ ಅಂದನಾ?”

“ಬೇಯಾಗೆ ಹೇಳಬೇಡ, ನನ್ನ ಬೂಟು ಅಡಗಿಸಿಟ್ಟುಬಿಡ್ತಾಳೆ ಅಂದ.”

“ಅಡಗಿಸ್ತಿದ್ದೆ,” ಎಂದಳು. “ಹೌದು, ಅಡಗಿಸ್ತಿದ್ದೆ. ಯಾರು ಅತ್ತರೂ ಕರಗಿಬಿಡ್ತಿದ್ದ, ಹುಚ್ಚಪ್ಪ. ಮೊನ್ಸೆಫ್… ದೇವರು ಅವನಿಗೆ ಕರುಣೆ ತೋರಲಿ.”

ನಾನು ಅವಳ ಭುಜಕ್ಕೆ ಕೈ ಚಾಚಿದೆ. ಅವಳು ಆ ಕೈಯನ್ನು ಹಿಡಿದು, ಡೇಗೆಯನ್ನು ನನ್ನ ಬರಿ ಮಣಿಕಟ್ಟಿನ ಮೇಲೆ ಕೂರಿಸಿದಳು.

“ನೀನು ಕೇಳಿದ್ದ ಹಕ್ಕಿ. ತಗೋ.”

ಉಗುರುಗಳು ಚರ್ಮದೊಳಗೆ ಇಳಿದವು. ಬೇಯಾ ಸತ್ತ ಲಾವಕ್ಕಿಯನ್ನು ಎತ್ತಿಕೊಂಡು ಮನೆಯತ್ತ ನಡೆದಳು. ದೂರದಿಂದ ಲಮೀನ್ ಕೂಗಿದ, “ಏನೇ, ಇಷ್ಟು ಬೇಗ ಸಾಕಾಯ್ತಾ ತಂಗಿಗೆ?” ನಾನು ಹಕ್ಕಿಯನ್ನು ಕೊಡವಿಕೊಳ್ಳಲಿಲ್ಲ.

ಸಂಜೆ ಗೋಡೆಯಾಚೆಯಿಂದ ಬೇಯಾ ಕುರಾನ್ ಓದುವ ದನಿ ಕೇಳಿತು. ಗಂಡನ ಹೆಸರಲ್ಲಿ ಅವಳು ಓದಿದ್ದು ಅದೇ ಮೊದಲು. ಗೋಡೆಯ ಮೇಲೆ ನನ್ನ ಬೋಗುಣಿ ಇತ್ತು. ಚೆನ್ನಾಗಿ ತೊಳೆದಿದ್ದಳು. ಒಳಗೆ ಏನೂ ಇರಲಿಲ್ಲ.