ತಡವಾಗಿ ಬಂದ ಬನ್ನಿ

ಗಲ್ಲಿಗೆ ಹೊಸಬರು ಬಾಡಿಗೆಗೆ ಬಂದರೆಂದರೆ ನಮ್ಮ ಕಡೆ ಮೂರು ದಿನದೊಳಗೆ ಅವರ ಮೂರು ತಲೆಮಾರಿನ ಸುದ್ದಿ ಎಲ್ಲರ ಬಾಯಲ್ಲಿರುತ್ತದೆ. ಗೊತ್ತಿಲ್ಲದ್ದನ್ನು ನಾವೇ ಸೇರಿಸಿಕೊಳ್ಳುತ್ತೇವೆ. ಹೊಸಬರನ್ನೇ ಹೋಗಿ ಕೇಳುವುದೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡುತ್ತೇವೆ. ಚಿಕ್ಕೋಡಿಯ ಒಂದು ಗಲ್ಲಿಯಲ್ಲಿ ಉಜ್ವಲಾಳ ವಿಷಯದಲ್ಲಿ ಆದದ್ದೂ ಇದೇ.

ಉಜ್ವಲಾ ಸೈನಿಕನ ಹೆಂಡತಿ. ಗಂಡ ಸಂಗ್ರಾಮ ಮುಗಳಖೋಡದವನು. ಐದು ವರ್ಷ ಅವಳು ಅವನ ಜೊತೆ ಪಂಜಾಬಿನ ಮಿಲಿಟರಿ ಕ್ವಾರ್ಟರ್ಸಿನಲ್ಲಿದ್ದಳು. ಈ ಸಲ ಅವನಿಗೆ ಗಡಿಗೆ ಬದಲಿಯಾಯಿತು. ಅಲ್ಲಿಗೆ ಹೆಂಡತಿ ಮಕ್ಕಳನ್ನು ಕರೆದೊಯ್ಯುವಂತಿಲ್ಲ. ಅವನಿಗೆ ತಂದೆತಾಯಿ ಇಲ್ಲ, ಅವಳ ತವರಿನಲ್ಲೂ ತಾಯಿಯಿಲ್ಲ. ಉಜ್ವಲಾ ಬಸುರಿ, ಮಗಳು ಮಯೂರಿಗೆ ನಾಲ್ಕು ವರ್ಷ. ದವಾಖಾನೆ ಹತ್ತಿರವಿರಲಿ ಎಂದು ಸಂಗ್ರಾಮ ಚಿಕ್ಕೋಡಿಯಲ್ಲಿ ಎರಡು ಕೋಣೆಯ ಮನೆ ಹಿಡಿದ. ನಾಲ್ಕು ಕಪ್ಪು ಟ್ರಂಕು ಇಳಿಸಿ, ಗ್ಯಾಸ್ ಜೋಡಿಸಿಕೊಟ್ಟು, ಐದನೇ ದಿನ ರೈಲು ಹತ್ತಿದ. ಆಗ ದಸರೆಗೆ ಇನ್ನೂ ಎರಡು ವಾರವಿತ್ತು.

“ಬಾಜೂದ ಮಂದಿ ಚಲೋ ಕಾಣ್ತಾರ. ಹೊಂದಿಕೊಂಡ ಇರು” ಅಂದಿದ್ದ ಹೋಗುವಾಗ.

ಮೊದಮೊದಲು ಹಾಗೆಯೇ ಇತ್ತು. ಎದುರು ಮನೆಯ ಸುಂದ್ರವ್ವ ಸಂಜೆ ಕಟ್ಟೆಗೆ ಕೂತು “ಎಷ್ಟ ತಿಂಗಳವಾ ನಿನಗ?” ಎಂದು ಕೇಳಿದ್ದಳು. ಮಯೂರಿಯ ಕೈಗೆ ಪೇರಲಹಣ್ಣು ಇಟ್ಟಿದ್ದಳು. ಆ ಗಲ್ಲಿಯಲ್ಲಿ ಸುಂದ್ರವ್ವನ ಮಾತೇ ಮಾತು. ಅವಳು ನಕ್ಕರೆ ಹತ್ತು ಮನೆ ನಗುತ್ತಿದ್ದವು, ಅವಳು ಮುಖ ತಿರುವಿದರೆ ಹತ್ತು ಮನೆಯ ಮುಖ ತಿರುಗುತ್ತಿತ್ತು.

ಖಂಡೇನವಮಿಯ ಆಯುಧಪೂಜೆ ಬಂತು. ಒಬ್ಬರ ಮೋಟರ್‌ಸೈಕಲ್ಲು, ಒಬ್ಬರ ಹೊಲಿಗೆ ಮಷಿನು, ಒಬ್ಬರ ಕುಡುಗೋಲು, ಎಲ್ಲಕ್ಕೂ ಚೆಂಡುಹೂವಿನ ಹಾರ. “ನಮ್ಮ ಪಪ್ಪಾಂದ ಏನ್ ಪೂಜಿ ಮಾಡೂದು?” ಎಂದು ಮಯೂರಿ ಹಟ ಹಿಡಿದಳು. ಉಜ್ವಲಾ ಟ್ರಂಕಿನಿಂದ ಗಂಡನ ಹಳೆಯ ಬೂಟು, ಬೆಲ್ಟು ತೆಗೆದು ಮಣೆಯ ಮೇಲಿಟ್ಟು ಕುಂಕುಮ ಹಚ್ಚಿ ಊದಿನಕಡ್ಡಿ ಬೆಳಗಿದಳು. ಮೇಲೆ ಗೋಡೆಯಲ್ಲಿ ಸಂಗ್ರಾಮ ಸಮವಸ್ತ್ರ ಹಾಕಿ ನಿಂತ ಫೋಟೋ ಇತ್ತು.

ಮರುದಿನ ದಸರೆ. ಸಂಜೆ ಮನೆಮನೆಗೆ ಹೋಗಿ ಬನ್ನಿ ಎಲೆ ಕೊಟ್ಟು, “ಬನ್ನಿ ತಗೊಂಡು ಬಂಗಾರದ್ಹಂಗ ಇರೂಣು” ಎನ್ನುವ ದಿನ. ಪಂಜಾಬಿನಲ್ಲಿ ಐದು ವರ್ಷ ಉಜ್ವಲಾಳಿಗೆ ಈ ಮಾತು ಕಿವಿಗೆ ಬಿದ್ದಿರಲಿಲ್ಲ. ಅವಳು ತಾಟಿನಲ್ಲಿ ಬನ್ನಿ ಜೋಡಿಸಿ, ಬಂದವರಿಗೆ ಕೊಡಲು ಚೂಡಾ ಕಲಸುತ್ತ ಒಳಗಿದ್ದಳು. ಅತ್ತ ಮಯೂರಿ ಟ್ರಂಕಿನ ಮೇಲೆ ಹತ್ತಿ, ಪೂಜೆಯಲ್ಲಿ ಉಳಿದಿದ್ದ ಹಾರವನ್ನು ಅಪ್ಪನ ಫೋಟೋಕ್ಕೆ ಹಾಕಿಬಿಟ್ಟಳು.

ಬಾಗಿಲ ಚಿಲಕದ ಸಪ್ಪಳವಾಯಿತು. “ಯಾರ್ರಿ? ಬರ್ರಿ ಒಳಗ” ಎಂದು ಉಜ್ವಲಾ ಕೈ ಒರೆಸಿಕೊಳ್ಳುತ್ತ ಬಂದಳು. ಯಾರೂ ಇರಲಿಲ್ಲ. ತಾಟು ಹಿಡಿದು ಸರಸರ ತಿರುಗಿ ಹೋಗುತ್ತಿದ್ದ ಸುಂದ್ರವ್ವನ ಬೆನ್ನು ಕಂಡಿತು. ಈಚೆ ತಿರುಗಿದರೆ ಫೋಟೋದ ಮೇಲೆ ಹಾರ. ಹಾರ ಕಿತ್ತು ತೆಗೆದು, ಮಗಳ ಬೆನ್ನಿಗೊಂದು ಕೊಟ್ಟಳು.

“ಎಲ್ಲಾರ ಗಾಡಿಗೂ ಹಾರ ಐತಿ. ಪಪ್ಪಾಗ ಬ್ಯಾಡೇನ?” ಎಂದು ಮಗು ಅತ್ತಿತು. ಉಜ್ವಲಾಳೂ ಅತ್ತಳು. ಆ ದಿಗಿಲಿನಲ್ಲಿ ಸುಂದ್ರವ್ವ ಏಕೆ ತಿರುಗಿ ಹೋದಳೆಂದು ಅವಳಿಗೆ ಹೊಳೆಯಲೇ ಇಲ್ಲ. ದೀಪ ಹಚ್ಚಿ ಕಾದಳು. ಗಲ್ಲಿಯ ತುಂಬ ಬನ್ನಿ ಕೊಡುವವರ ಓಡಾಟ. ಅವಳ ಹೊಸ್ತಿಲು ಮಾತ್ರ ಯಾರೂ ತುಳಿಯಲಿಲ್ಲ. ಕೊನೆಗೆ ತಾಟಿನ ಬನ್ನಿಯನ್ನು ದೇವರ ಮುಂದಿಟ್ಟು, ಚೂಡಾ ಡಬ್ಬಿಗೆ ತುಂಬಿದಳು.

ಅವತ್ತಿನಿಂದ ಗಲ್ಲಿಯೇ ಬೇರೆಯಾಯಿತು. ನಳದ ಹತ್ತಿರ ಅವಳು ಬಂದರೆ ಮಾತು ನಿಲ್ಲುತ್ತಿತ್ತು. “ನೀ ಮೊದಲ ತುಂಬಕೋವಾ” ಎಂದು ಕೊಡ ಸರಿಸಿ ಬೇರೆ ಕಡೆ ನೋಡುತ್ತಿದ್ದರು. ದೀಪಾವಳಿಗೆ ಸುಂದ್ರವ್ವನ ಮನೆಯಲ್ಲಿ ಅರಿಶಿನ ಕುಂಕುಮಕ್ಕೆ ಹೆಂಗಸರೆಲ್ಲ ಸೇರಿದರು. ಉಜ್ವಲಾ ಕಿಟಕಿಯ ಪರದೆ ಹಿಡಿದು ಅವರ ನಗೆ ಕೇಳಿಸಿಕೊಂಡು ನಿಂತಳು. ಕರೆ ಬರಲಿಲ್ಲ. ‘ಪಂಜಾಬದಾಗ ಇದ್ದ ಬಂದಾಳ, ಸೊಕ್ಕಿನಾಕಿ ಅಂತ ತಿಳಕೊಂಡಾರೇನ?’ ಎಂದು ತನ್ನನ್ನೇ ಕೇಳಿಕೊಂಡಳು. ಒಮ್ಮೆ ಧೈರ್ಯ ಮಾಡಿ, “ಕಾಕೂ, ಹಾಲಿನಾಂವ ಎಷ್ಟೊತ್ತಿಗೆ ಬರ್ತಾನ್ರಿ?” ಎಂದು ಸುಂದ್ರವ್ವನನ್ನು ಮಾತಾಡಿಸಿದಳು. ಸುಂದ್ರವ್ವನ ಕಣ್ಣು ತುಂಬಿ ಬಂದವು. “ಬರ್ತಾನವಾ” ಎಂದಷ್ಟೇ ಹೇಳಿ ಸೆರಗು ಬಾಯಿಗೆ ಹಿಡಿದು ಒಳಗೆ ಹೋದಳು. ಉಜ್ವಲಾಳಿಗೆ ತಲೆಬುಡ ತಿಳಿಯಲಿಲ್ಲ.

ಎಂಟು ಹತ್ತು ದಿನಕ್ಕೊಮ್ಮೆ ಸಂಗ್ರಾಮನ ಫೋನು ಬರುತ್ತಿತ್ತು. “ಆರಾಮ ಅದೀನಿ. ಮಂದಿ ಭಾಳ ಚಲೋ ಅದಾರ” ಎಂದು ಅವಳು ಸುಳ್ಳು ಹೇಳುತ್ತಿದ್ದಳು. ಅಷ್ಟು ದೂರ ಚಳಿಯಲ್ಲಿ ನಿಂತವನ ತಲೆಗೆ ಇನ್ನೊಂದು ಭಾರ ಏಕೆ? ಫೋನು ಇಟ್ಟ ಮೇಲೆ ಮನೆ ಮೊದಲಿಗಿಂತ ದೊಡ್ಡದಾಗಿ, ಖಾಲಿಯಾಗಿ ಕಾಣುತ್ತಿತ್ತು.

ಎಂಟು ತಿಂಗಳು ತುಂಬಿದವು. ಹೆರಿಗೆಯ ಬಟ್ಟೆ ಕಟ್ಟಿದ ಚೀಲ ಬಾಗಿಲ ಹಿಂದೆ ಇತ್ತು. ನೋವು ಬಂದರೆ 108ಕ್ಕೆ ಫೋನು ಮಾಡಬಹುದು, ಗಾಡಿ ಬರುತ್ತದೆ. ಆದರೆ ಮಯೂರಿಯನ್ನು ಯಾರ ಕೈಗೆ ಕೊಡುವುದು? ಹಗಲೂ ರಾತ್ರಿ ಅವಳಿಗೆ ಇದೊಂದೇ ಚಿಂತೆ. ಬೇರೆ ದಾರಿ ಕಾಣದೆ ಮಗಳಿಗೆ ಒಂದು ಪಾಠ ಕಲಿಸತೊಡಗಿದಳು. ಒಳಗಿನಿಂದ ಚಿಲಕ ಹಾಕಿಕೊಳ್ಳಬೇಕು. ಹಸಿವಾದರೆ ಡಬ್ಬಿಯ ಬಿಸ್ಕಿಟ್ ತಿನ್ನಬೇಕು. ಅವ್ವ ಬರುವವರೆಗೂ ಯಾರು ಕರೆದರೂ ಬಾಗಿಲು ತೆಗೆಯಬಾರದು. ನಾಲ್ಕು ವರ್ಷದ ಮಗು ದಿನಾ ಈ ಪಾಠ ಒಪ್ಪಿಸುತ್ತಿತ್ತು.

ಡಿಸೆಂಬರಿನಲ್ಲಿ ಪಲ್ಸ್ ಪೋಲಿಯೋ ಭಾನುವಾರ ಮುಗಿದ ಮರುದಿನ, ಹನಿ ಹಾಕಿಸಿಕೊಳ್ಳದ ಮಕ್ಕಳನ್ನು ಹುಡುಕುತ್ತ ಆಶಾ ಕಾರ್ಯಕರ್ತೆ ಶಹಜಾದಬಿ ಆ ಮನೆಯ ಬಾಗಿಲು ಬಡಿದಳು.

“ಅವ್ವ ದವಾಖಾನಿಗೆ ಹೋಗ್ಯಾಳ. ನಾ ಬಾಗಲಾ ತೆಗಿಯೂದಿಲ್ಲ” ಎಂದು ಒಳಗಿನ ಸಣ್ಣ ದನಿ ಕಲಿತ ಪಾಠ ಒಪ್ಪಿಸಿತು.

ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ ಉಜ್ವಲಾ ಓಡಿಬಂದು ಬಾಗಿಲು ತೆರೆದಳು. ಶಹಜಾದಬಿ ಅವಳ ಹೊಟ್ಟೆ ನೋಡಿದಳು, ಮಗುವನ್ನು ನೋಡಿದಳು, ಬಾಗಿಲ ಹಿಂದಿನ ಚೀಲ, ಗೋಡೆಯ ಮೇಲಿನ ಸಮವಸ್ತ್ರದ ಫೋಟೋ ನೋಡಿದಳು.

“ಕೂಸಿಗೆ ಏನ್ ಕಲಿಸೀಯವಾ ಇದು? ದಿನಾ ತುಂಬಾಕ ಬಂದಾವ, ನನ್ನ ಯಾದ್ಯಾಗ ನಿನ್ನ ಹೆಸರ ಇಲ್ಲ. ತಾಯಿ ಕಾರ್ಡ್ ಎಲ್ಲೈತಿ?”

“ಪಂಜಾಬದಾಗ ಮಾಡಿಸಿದ ಕಾರ್ಡ್ ಐತ್ರಿ ಅಕ್ಕಾರ. ಇಲ್ಲಿ ಯಾರ್ನ ಕೇಳಬೇಕಂತ ಗೊತ್ತಾಗಲಿಲ್ಲ. ನನ್ನ ಕೂಡ ಯಾರೂ ಮಾತಾಡೂದಿಲ್ರಿ” ಎಂದಳು ಉಜ್ವಲಾ.

“ನನ್ನ ಗಂಡ ಮೌಲಾಲಿನೂ ಮಿಲಿಟರಿಯಾಗ ಹದಿನೇಳ ವರ್ಷ ಇದ್ದಾಂವ. ನಾನೂ ಕುಡಚಿಯಾಗ ಹಿಂಗ ಬಾಡಗಿ ಮನ್ಯಾಗ ಒಬ್ಬಾಕಿನ ಇದ್ನಿ. ಗ್ವಾಡಿ ಕೂಡ ಮಾತಾಡೀನಿ. ಬಾ ನನ್ನ ಹಿಂದ.”

ಸುಂದ್ರವ್ವ ಕಟ್ಟೆಯ ಮೇಲೆ ಕೂತು ಮೆಂತ್ಯಪಲ್ಲೆ ಸೋಸುತ್ತಿದ್ದಳು. ಉಜ್ವಲಾ ತನ್ನ ಹೊಸ್ತಿಲಲ್ಲೇ ನಿಂತಳು.

“ಸುಂದ್ರವ್ವಕ್ಕಾ, ಎದುರ ಮನ್ಯಾಗ ತುಂಬಿದ ಬಸುರಿ ಅದಾಳ. ನನಗ ಒಂದ ಮಾತ ಹೇಳಬಾರದಾ?”

“ಏನ್ ಹೇಳೂದವಾ. ಮಿಲಿಟರಿ ಮಂದೀನ ಸರಕಾರ ನೋಡಕೋತೈತಿ. ಇವತ್ತ ಇರ್ತಾರ, ನಾಳೆ ಟ್ರಂಕ ಎತ್ತತಾರ. ಅದೂ ಅಲ್ಲದ...” ಸುಂದ್ರವ್ವ ದನಿ ತಗ್ಗಿಸಿದಳು. “ಗಡಿಗೆ ಹೋದ ಹದಿನೈದ ದಿನದಾಗ ಗಂಡನ್ನ ಕಳಕೊಂಡಾಕಿ. ಯಾವ ಬಾಯಿಲೆ ಮಾತಾಡ್ಸೂದು? ಬನ್ನಿ ಕೊಡಾಕ ಹೋಗಿದ್ನಿ. ಫೋಟೋಕ ಹಾರ, ಕೆಳಗ ಬೂಟ, ಊದಿನಕಡ್ಡಿ. ಅಲ್ಲಿಂದನ ತಿರುಗಿ ಬಂದ್ನಿ.”

ದನಿ ತಗ್ಗಿಸಿದರೂ ಸಣ್ಣ ಗಲ್ಲಿಯಲ್ಲಿ ಆ ಮಾತು ಉಜ್ವಲಾಳಿಗೆ ಕೇಳಿಸಿತು. ಅವಳು ದಾರಿ ದಾಟಿ ಬಂದಳು.

“ಕಾಕೂ! ನನ್ನ ಗಂಡ ಜೀವಂತ ಅದಾನ್ರಿ. ಗುರುವಾರ ಫೋನ್ ಮಾಡಿದ್ದಾ. ಆ ಬೂಟ ನಾ ಖಂಡೇನವಮಿ ಪೂಜೀಗ ಇಟ್ಟದ್ದು. ಹಾರ ಈ ಹುಡುಗಿ ಹಾಕಿದ್ಲು.”

ಸುಂದ್ರವ್ವನ ಕೈಯಲ್ಲಿದ್ದ ಪಲ್ಲೆ ಕೆಳಗೆ ಬಿತ್ತು. “ಯಪ್ಪಾ ದೇವರ! ಕೊಳ್ಳಾಗಿನ ತಾಳಿ ನೋಡಿದ್ನಿ. ಕೂಸಿಗೆ ತಿಳಿಬಾರದಂತ ಹಾಕ್ಕೊಂಡಾಳ ಅಂದ್ಕೊಂಡ್ನಿ ನಾ.”

“ಎರಡೂವರಿ ತಿಂಗಳ ನೀವೆಲ್ಲಾ ನನ್ನ ಗಂಡನ್ನ ಸಾಯಿಸಿ ಇಟ್ಟಿದ್ರಿ” ಎಂದಳು ಉಜ್ವಲಾ. ಸಿಟ್ಟೂ ಅಳುವೂ ಒಟ್ಟಿಗೆ ಬಂದವು. “ಒಂದ ಮಾತ ಕೇಳಿದ್ರ ಆಗ್ತಿತ್ತಲ್ರಿ, ಒಂದ ಮಾತ!”

ಶಹಜಾದಬಿ ಸುಂದ್ರವ್ವನ ಕಡೆ ತಿರುಗಿದಳು:

“ಜೀವಂತ ಅದಾನ, ಪುಣ್ಯಾ. ಆದ್ರ ಖರೇನ ಹಂಗ ಆಗಿತ್ತಂದ್ರ? ಆಗ ನೀ ಇನ್ನಾ ಮೊದಲ ಹೋಗಬೇಕಿತ್ತ ಅಕ್ಕಾ. ಸರಕಾರ ಪಗಾರ ಕೊಡತೈತಿ. ಬಾಗಲಾ ಬಡದು ‘ಉಂಡೇನವಾ?’ ಅಂತ ಕೇಳೂದಿಲ್ಲ. ಅದನ್ನ ಕೇಳಾವ್ರು ನಾವು.”

ಸುಂದ್ರವ್ವ ಎದ್ದು ಒಳಗೆ ಹೋದಳು. ಹೋದವಳು ಬೇಗ ಬರಲಿಲ್ಲ. ಬೇಜಾರಾಗಿ ಹೋದಳೇನೋ ಎಂದು ಉಜ್ವಲಾ ಮಗಳ ಕೈ ಹಿಡಿದು ಹಿಂದಿರುಗುವಷ್ಟರಲ್ಲಿ ಹೊರಬಂದಳು. ಅಂಗೈಯಲ್ಲಿ ನಾಲ್ಕು ಒಣಗಿದ ಬನ್ನಿ ಎಲೆ. ದಸರೆಯಿಂದ ದೇವರ ಜಗಲಿಯ ಮೇಲಿದ್ದವು.

“ಬನ್ನಿ ತಗೋವಾ. ಬಂಗಾರದ್ಹಂಗ ಇರೂಣು. ತಡಾ ಆತು, ತಪ್ಪಾತು. ನೋವ ಬಂದ್ರ ಎಷ್ಟೊತ್ತಿದ್ರೂ ನನ್ನ ಬಾಗಲಾ ಬಡಿ. ಈ ಕೂಸು ನನ್ನ ಹಂತ್ಯಾಕ ಇರ್ತೈತಿ.”

ಉಜ್ವಲಾ ಬಗ್ಗಿ ಅವಳ ಕಾಲು ಮುಟ್ಟಲು ಹೋದಳು. “ತುಂಬಿದ ಹೊಟ್ಯಾಗ ಬಗ್ಗಬ್ಯಾಡಬೇ” ಎಂದು ಸುಂದ್ರವ್ವ ಅವಳನ್ನು ಹಿಡಿದೆತ್ತಿದಳು.

ಅವತ್ತೇ ಶಹಜಾದಬಿ ಮಯೂರಿಗೆ ಹನಿ ಹಾಕಿದಳು, ಉಜ್ವಲಾಳ ಹೆಸರು ಬರೆದುಕೊಂಡಳು, ಮರುದಿನ ಹಳೆಯ ಕಾರ್ಡಿನ ಸಮೇತ ದವಾಖಾನೆಗೆ ಕರೆದೊಯ್ದಳು. ಮೌಲಾಲಿ ಸಂಗ್ರಾಮನಿಗೆ ತನ್ನ ನಂಬರು ಕಳಿಸಿ, ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯ ವಿವರವನ್ನೂ ತಿಳಿಸಿದ. ಜನವರಿಯ ಒಂದು ಮುಂಜಾನೆ ನೋವು ಬಂದಾಗ ಮಯೂರಿ ಚಿಲಕ ಹಾಕಿಕೊಂಡು ಕೂರಲಿಲ್ಲ. ಸುಂದ್ರವ್ವನ ಮನೆಯಲ್ಲಿ ಬಿಸಿ ರೊಟ್ಟಿ ತಿಂದಳು.

ಸಂಗ್ರಾಮನಿಗೆ ರಜೆ ಸಿಗಲಿಲ್ಲ. ಗಂಡುಮಗು ಹುಟ್ಟಿದ ಮೂರನೇ ದಿನ ಅವನ ಫೋನು ಬಂತು. “ಒಬ್ಬಾಕಿನ ಭಾಳ ತ್ರಾಸ ಪಟ್ಟೇನ?” ಎಂದ. ಪಕ್ಕದಲ್ಲಿ ಸುಂದ್ರವ್ವ ಕೂಸಿಗೆ ಕುಂಚಿಗೆ ಕಟ್ಟುತ್ತಿದ್ದಳು. “ಮಂದಿ ಭಾಳ ಚಲೋ ಅದಾರ” ಎಂದಳು ಉಜ್ವಲಾ. ಅಷ್ಟು ದಿನ ಸುಳ್ಳಾಗಿದ್ದ ಮಾತು ಅವತ್ತು ನಿಜವಾಗಿತ್ತು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಗಲ್ಲಿಗೂ ಸೈನಿಕನ ಮನೆಯವರು ಬಂದಿರಬಹುದು. ಅವರ ಬಗ್ಗೆ ನಾಲ್ಕು ಜನ ಕೂತು ಮಾತಾಡುವ ಬದಲು ಒಬ್ಬರು ಹೋಗಿ ಬಾಗಿಲು ಬಡಿಯಿರಿ. ಹೆಸರು ಕೇಳಿ, ನಿಮ್ಮ ಫೋನ್ ನಂಬರು ಕೊಡಿ. ಬಸುರಿಯೋ ಸಣ್ಣ ಮಗುವೋ ಇದ್ದರೆ ಆಶಾ ಕಾರ್ಯಕರ್ತೆಗೆ, ಅಂಗನವಾಡಿಗೆ ತಿಳಿಸಿ. ಶಾಲೆ ಎಲ್ಲಿ, ಹಾಲಿನವ ಎಷ್ಟೊತ್ತಿಗೆ ಬರುತ್ತಾನೆ ಹೇಳಿ. ಗಡಿಯಲ್ಲಿ ನಿಂತವನು ತನ್ನ ಮನೆಯನ್ನು ನಿಮ್ಮ ಎದುರಿಗೆ ಬಿಟ್ಟು ಹೋಗಿದ್ದಾನೆ. ಬನ್ನಿ ಕೊಡಲು ದಸರೆಯವರೆಗೆ ಕಾಯಬೇಡಿ, ಇವತ್ತೇ ಹೋಗಿ.