ಮೊದಲ ಸಾಲಿನ ಛತ್ರಿ

ಆಡ್ರಿಯಾಟಿಕ್ ಸಮುದ್ರಕ್ಕೆ ಉಪ್ಪು ಹಾಕಿದವನು ಅರ್ಮಿದೊ ಗಿರಾರ್ದಿ. ಅದಕ್ಕೆ ಮುಂಚೆ ಅಲ್ಲಿದ್ದದ್ದು ಸಪ್ಪೆ ನೀರು. ಮೀನುಗಳು ಬಾಯಿರುಚಿ ಕೆಟ್ಟು, ಬೇಸತ್ತು, ತಾವಾಗಿಯೇ ದಡಕ್ಕೆ ಬಂದು ಬೀಳುತ್ತಿದ್ದವು. ಎಪ್ಪತ್ತೆಂಟನೇ ಇಸವಿಯ ಆಗಸ್ಟಿನಲ್ಲಿ ಅರ್ಮಿದೊ ಹೊಸದಾಗಿ ಮದುವೆಯಾಗಿ, ಹೆಂಡತಿಯ ಜೊತೆ ಬೆಲ್ಲಾರಿಯಾ ಎಂಬ ಕಡಲೂರಿಗೆ ಹೋಗಿ ಅಲೆಯಲ್ಲಿ ಒಮ್ಮೆ ಕೈ ತೊಳೆದ. ಅಷ್ಟೇ. ಅವನ ಬೆರಳ ಸಂದಿಯಲ್ಲಿದ್ದ ಉಪ್ಪು ವೆನಿಸ್‌ನಿಂದ ಅಲ್ಬೇನಿಯಾದವರೆಗೆ ಹರಡಿ, ಇಂದಿಗೂ ತೀರಿಲ್ಲ. ನಂಬದವರು ಹೋಗಿ ನೆಕ್ಕಿ ನೋಡಲಿ.

ಉಪ್ಪು ಅವನ ಕಸುಬು ಎಂಬುದಂತೂ ಸುಳ್ಳಲ್ಲ. ಲಾಂಗಿರಾನೊ ಊರಿನಲ್ಲಿ ನಲವತ್ತೊಂದು ವರ್ಷ, ಒಣಗಿಸಿ ಮಾರುವ ಹಂದಿತೊಡೆಗೆ ಉಪ್ಪು ತಿಕ್ಕಿದವನು. ಹೆಬ್ಬೆರಳಿನಿಂದ ಒಮ್ಮೆ ಒತ್ತಿದರೆ ಸಾಕು, ಈ ತೊಡೆಗೆ ಎಷ್ಟು ಉಪ್ಪು ಬೇಕು, ಎಷ್ಟು ತಿಂಗಳು ಗಾಳಿಗೆ ತೂಗುಹಾಕಬೇಕು, ಹಂದಿ ಬದುಕಿದ್ದಾಗ ಸಿಡುಕಿನದೋ ಸಾಧುವೋ, ಎಲ್ಲ ಹೇಳಿಬಿಡುತ್ತಿದ್ದ. ಅವನು ಒತ್ತಿದ ತೊಡೆಗಳನ್ನು ಒಂದರ ಮೇಲೊಂದು ನಿಲ್ಲಿಸಿದರೆ ಚಂದ್ರನನ್ನು ಮುಟ್ಟಿ, ಒಂದೆರಡು ಮಿಕ್ಕುತ್ತಿದ್ದವು. ಇಂಥ ಹೆಬ್ಬೆರಳಿನ ಮನುಷ್ಯನನ್ನು ಒಂಬತ್ತು ವರ್ಷದ ಮೊಮ್ಮಗಳು ವಿಯೋಲಾ ಏನೆಂದು ಕರೆಯುತ್ತಿದ್ದಳು? ತೊಡೆಯಜ್ಜ.

ಅದನ್ನಾದರೂ ನುಂಗಿಕೊಳ್ಳಬಹುದಿತ್ತು. ಆದರೆ ಅವಳಿಗೆ ಇನ್ನೊಬ್ಬ ಅಜ್ಜನಿದ್ದ, ತಾಯಿಯ ಅಪ್ಪ, ದೇಶದ ಇನ್ನೊಂದು ಕಡಲತೀರದ ಕಮೋಲಿ ಊರಿನ ಗೊಟ್ಟಾರ್ದೊ. ಮೂವತ್ತು ವರ್ಷ ದೊಡ್ಡ ದೊಡ್ಡ ಹಡಗುಗಳಿಗೆ ದಾರಿ ತೋರಿಸಿ ಬಂದರಿಗೆ ಕರೆತಂದವನು. ಅವನು ಸಮುದ್ರದಜ್ಜ.

ಮೊಮ್ಮಕ್ಕಳು ಹುಟ್ಟಿದಾಗಿನಿಂದ ಅವರಿಗೆ ಬೇಸಿಗೆ ಎಂದರೆ ಕಮೋಲಿಯೇ. ಹೋದ ವರ್ಷ ವಿಯೋಲಾ ಅಲ್ಲಿ ಬಂಡೆ ಮೇಲಿನಿಂದ ನೀರಿಗೆ ಹಾರುವುದನ್ನು ಕಲಿತು ಬಂದಳು. ಜೊತೆಗೆ ಮಣಿಕಟ್ಟಿಗೆ ಒಂದು ದಾರದ ಬಳೆ, ನಾವಿಕರ ಗಂಟಿನದು, ಸಮುದ್ರದಜ್ಜ ಹಾಕಿಕೊಟ್ಟದ್ದು. ಎಂಟು ತಿಂಗಳಾದರೂ ಅವಳು ಅದನ್ನು ಬಿಚ್ಚಿರಲಿಲ್ಲ. ಆ ಬಳೆ ಕಣ್ಣಿಗೆ ಬಿದ್ದಾಗಲೆಲ್ಲ ಅರ್ಮಿದೊನ ಹೊಟ್ಟೆಯಲ್ಲಿ ಏಳುತ್ತಿದ್ದ ಉರಿಯ ಮೇಲೆ ಒಂದು ಬಾಣಲೆ ಇಟ್ಟಿದ್ದರೆ ಪಾರ್ಮಾ ಜಿಲ್ಲೆಯ ಎಲ್ಲರಿಗೂ ಹಿಟ್ಟಿನ ಬೋಂಡಾ ಕರಿದು ಹಂಚಬಹುದಿತ್ತು. ಕದ್ದುಮುಚ್ಚಿ ಅವನೂ ಅಡಿಗೆಮನೆಯಲ್ಲಿ ಹಂದಿತೊಡೆ ಕಟ್ಟುವ ದಾರ ಹಿಡಿದು ಆ ಗಂಟನ್ನು ಪ್ರಯತ್ನಿಸಿದ್ದ. ಕೊನೆಗೆ ಹೆಂಡತಿ ಡೆರ್ನಾ ಕತ್ತರಿ ತಂದು ಅವನ ಬೆರಳನ್ನು ಬಿಡಿಸಬೇಕಾಯಿತು.

ಈಸ್ಟರ್ ಕಳೆದ ಭಾನುವಾರ ಎಲ್ಲರೂ ಅರ್ಮಿದೊನ ಮನೆಯಲ್ಲಿ ಊಟಕ್ಕೆ ಸೇರಿದ್ದರು. ಬೀಗ ಗೊಟ್ಟಾರ್ದೊ ಕಮೋಲಿಯಿಂದ ಒಂದು ಬುಟ್ಟಿ ಎಣ್ಣೆರೊಟ್ಟಿ ತಂದಿದ್ದ. ಡೆರ್ನಾ ಬೆಳಗಿನಿಂದ ಕೂತು ಮಾಡಿದ ಸೊಪ್ಪಿನ ಕಡುಬು ಮೇಜಿಗೆ ಬರುವ ಮೊದಲೇ ಮಕ್ಕಳು ಆ ರೊಟ್ಟಿಯನ್ನು ಖಾಲಿ ಮಾಡಿ ಬೆರಳು ನೆಕ್ಕುತ್ತಿದ್ದವು. ಅರ್ಮಿದೊ ಅದನ್ನೂ ನೋಡಿದ.

ಸೊಸೆ ಇಲಾರಿಯಾ ತಟ್ಟೆ ಸರಿಸಿ ಪೆನ್ನು, ಕಾಗದ ಎಳೆದುಕೊಂಡಳು.

"ಈ ಸಲ ಬೇಸಿಗೆ ರಜೆಗೆ ಏಳೂ ಜನ ಒಟ್ಟಿಗೆ. ಎರಡು ವಾರ, ಒಂದೇ ಊರು. ಯಾರಿಗೆ ಏನು ಬೇಕು ಈಗ್ಲೇ ಹೇಳ್ಬಿಡಿ. ಆಮೇಲೆ ಅಲ್ಲಿ ಹೋಗಿ ಮುಖ ಊದಿಸ್ಕೊಂಡು ಕೂತ್ರೆ ನಾನು ಕೇಳಲ್ಲ."

"ನನ್ನ ಮಂಡಿಗೆ ಮೆಟ್ಟಿಲು ಆಗಲ್ಲ ಕಣಮ್ಮ," ಎಂದಳು ಡೆರ್ನಾ.

"ಹತ್ತು ಗಂಟೆ ತನಕ ನನ್ನನ್ನ ಯಾರೂ ಎಬ್ಬಿಸ್ಬಾರ್ದು," ಎಂದ ಮಗ ಫೌಸ್ತೊ.

"ಮರಳು," ಎಂದ ನಾಲ್ಕು ವರ್ಷದ ದಾರಿಯೊ. ಅವನ ಬಾಯಿ ತುಂಬ ಕಡುಬಿತ್ತು.

"ಆಳ!" ವಿಯೋಲಾ ಕುರ್ಚಿಯ ಮೇಲೆ ಎದ್ದು ನಿಂತಳು. "ತಲೆ ಮುಳುಗೋಷ್ಟು ಆಳ ಬೇಕು!"

"ಅಪ್ಪ, ನಿನಗೆ?" ಇಲಾರಿಯಾ ಗೊಟ್ಟಾರ್ದೊನನ್ನು ಕೇಳಿದಳು.

"ನನಗೇನೂ ಬೇಡಮ್ಮ. ನೀವೆಲ್ಲ ಇದ್ರೆ ಸಾಕು."

ನೋಡಿ, ಇಂಥವರ ಜೊತೆ ಜಗಳವಾಡುವುದಾದರೂ ಹೇಗೆ? ಏನೂ ಬೇಡ ಎನ್ನುತ್ತಲೇ ಎಲ್ಲವನ್ನೂ ಎತ್ತಿಕೊಂಡು ಹೋಗುವ ಜಾತಿ. ಅರ್ಮಿದೊ ಫೋರ್ಕನ್ನು ಕಡುಬಿಗೆ ಚುಚ್ಚಿದ, ಬೀಗನಿಗೇ ಚುಚ್ಚಿದ ಹಾಗೆ.

"ಬೇಕಾದ್ರೆ ನಮ್ಮ ಮನೇಲೇ ಜಾಗ ಇದೆ," ಎಂದ ಗೊಟ್ಟಾರ್ದೊ. "ಮೆಟ್ಟಿಲು ಸ್ವಲ್ಪ ಇವೆ ಅಷ್ಟೆ."

"ಸ್ವಲ್ಪ ಅಂದ್ರೆ ಎಷ್ಟು ಬೀಗರೇ?"

"ನೂರ ಹನ್ನೆರಡು."

"ಕೇಳಿದ್ಯಾ ಡೆರ್ನಾ? ನೂರ ಹನ್ನೆರಡು! ಬೆಳಿಗ್ಗೆ ಇಳಿಯೋಕೆ ಶುರು ಮಾಡಿದ್ರೆ ನೀರು ಸಿಗೋ ಹೊತ್ತಿಗೆ ಸೆಪ್ಟೆಂಬರ್ ಬಂದಿರುತ್ತೆ. ದಾರಿಯೊಗೆ ಮರಳೆಲ್ಲಿ? ಅಲ್ಲಿರೋದು ಬರೀ ಬಂಡೆ. ಮಗು ಬಕೆಟ್ಟಿಗೆ ಬಂಡೆ ತುಂಬ್ಕೊಳ್ಬೇಕಾ?"

ಇದು ನ್ಯಾಯವಾದ ಮಾತೇ. ಇಲಾರಿಯಾ ತಲೆಯಾಡಿಸಿದಳು. ಮಾತು ಅಲ್ಲಿಗೆ ನಿಂತಿದ್ದರೆ ಅರ್ಮಿದೊ ಗೆದ್ದಿದ್ದ, ಅವನೂ ಡೆರ್ನಾಳೂ ಪ್ರತೀ ಆಗಸ್ಟಿನಲ್ಲಿ ಹೋಗುವ ಬೆಲ್ಲಾರಿಯಾವೇ ಗಟ್ಟಿಯಾಗುತ್ತಿತ್ತು. ಆದರೆ ವಿಯೋಲಾ ಮಣಿಕಟ್ಟಿನ ಬಳೆಯನ್ನು ತಿರುವುತ್ತಾ, "ತೊಡೆಯಜ್ಜನ ಸಮುದ್ರ ಸಮುದ್ರಾನೇ ಅಲ್ಲ. ಅಮ್ಮ ಹೇಳಿದ್ಳು, ಅಲ್ಲಿ ಮೊಣಕಾಲಷ್ಟೇ ನೀರಂತೆ," ಎಂದುಬಿಟ್ಟಳು.

"ಯಾರು ಹೇಳಿದ್ದು? ಅದು ದಡದ ಹತ್ರ! ಒಳಗೆ ಹೋದ್ರೆ ಎಷ್ಟು ಆಳ ಅಂದ್ರೆ, ಕಲ್ಲು ಹಾಕಿದ್ರೆ ಕೆಳಗಿನವರು ಬೈಯೋದು ಕೇಳ್ಸುತ್ತೆ. ನನ್ನ ಛತ್ರಿ ಎಲ್ಲಿದೆ ಗೊತ್ತಾ ನಿನಗೆ? ಮೊದಲ ಸಾಲಲ್ಲಿ."

ಇಲಾರಿಯಾ ಪೆನ್ನನ್ನು ಎತ್ತಿ ಹಿಡಿದಳು. ಗೊಟ್ಟಾರ್ದೊನ ಹುಬ್ಬು ಕೂಡ ಮೇಲೇರಿತು. ಬೆಲ್ಲಾರಿಯಾದ ದಡದಲ್ಲಿ ಬಾಡಿಗೆಯ ಬಿಸಿಲುಛತ್ರಿಗಳನ್ನು ಸಾಲುಸಾಲಾಗಿ ನೆಟ್ಟಿರುತ್ತಾರೆ, ಅದರಲ್ಲಿ ನೀರಿಗೆ ಅಂಟಿದ ಮೊದಲ ಸಾಲಿನ ಛತ್ರಿ ಬರೀ ಹಣ ಕೊಟ್ಟರೆ ಸಿಗುವಂಥದ್ದಲ್ಲ. ಅದು ಅಪ್ಪನಿಂದ ಮಗನಿಗೆ ಬರಬೇಕು, ಇಲ್ಲವೇ ಯಾರಾದರೂ ಸತ್ತು ಸರದಿ ಬರಬೇಕು. ಡೆರ್ನಾಗೂ ಫೌಸ್ತೊಗೂ ತಮ್ಮ ಛತ್ರಿ ಒಂಬತ್ತನೇ ಸಾಲಿನ ಕೊನೆಯಲ್ಲಿ, ಷವರ್ ಪಕ್ಕದಲ್ಲಿದೆ ಎಂದು ಗೊತ್ತಿತ್ತು. ಆದರೆ ಅರ್ಮಿದೊ ಬಾಯಿ ತೆರೆದಾಗ ತಟ್ಟೆಯ ಕಡೆ ನೋಡುವುದು ಆ ಮನೆಯ ಹಳೇ ಅಭ್ಯಾಸ. ಇಬ್ಬರೂ ತಟ್ಟೆ ನೋಡಿದರು.

"ನಿಜವಾಗ್ಲೂ ಮೊದಲ ಸಾಲಾ ಅಜ್ಜ?" ವಿಯೋಲಾ ಕುರ್ಚಿಯಿಂದ ಇಳಿದು ಅವನ ಪಕ್ಕಕ್ಕೇ ಬಂದಳು. ಬಳೆಯಿದ್ದ ಕೈ ಅವನ ತೋಳಿನ ಮೇಲಿತ್ತು. 'ತೊಡೆ' ಬಿದ್ದುಹೋಗಿತ್ತು, ಬರೀ 'ಅಜ್ಜ'. ಅರ್ಮಿದೊನ ಎದೆ ಎಷ್ಟು ಉಬ್ಬಿತೆಂದರೆ ಮೇಜು ಎರಡು ಬೆರಳು ಆಚೆ ಸರಿಯಿತು.

"ಮತ್ತೆ? ಅಲೆ ಬಂದು ನನ್ನ ಹೆಬ್ಬೆರಳು ಮುಟ್ಟಿ ವಾಪಸ್ ಹೋಗ್ಲಾ ಅಂತ ಕೇಳುತ್ತೆ."

"ನೀನು ಈಜ್ತೀಯಾ?"

"ಈಜ್ತೀಯಾ ಅಂತ ಕೇಳ್ತಾಳೆ! ಎಂಬತ್ತೊಂದರಲ್ಲಿ ಒಂದು ದಿನ ಬೇಜಾರಾಗಿ ಎದುರು ದಡದ ಯುಗೊಸ್ಲಾವಿಯಾದ ತನಕ ಈಜಿ, ಕಾಫಿ ಕುಡಿದು, ಮಧ್ಯಾಹ್ನದ ಊಟಕ್ಕೆ ವಾಪಸ್ ಬಂದೆ."

"ಬಹಳ ದೂರ ಅಲ್ವಾ ಬೀಗರೇ?" ಗೊಟ್ಟಾರ್ದೊ ಮೆಲ್ಲಗೆ ಕೇಳಿದ. "ಪ್ರವಾಹ ಯಾವ ಕಡೆಗಿತ್ತು?"

"ಹೋಗೋವಾಗ ಏರು, ಬರೋವಾಗ ಇಳಿಜಾರು."

ವಿಯೋಲಾ ನಕ್ಕಳು. ಅವಳು ಸಮುದ್ರದ ವಿಷಯಕ್ಕೆ ಬೀಗನನ್ನು ಬಿಟ್ಟು ಅರ್ಮಿದೊನ ಮುಖ ನೋಡಿ ನಕ್ಕದ್ದು ಅದೇ ಮೊದಲು. "ಹಾಗಾದ್ರೆ ಅಲ್ಲಿಗೇ ಹೋಗೋಣ!" ಎಂದಳು. ಇಲಾರಿಯಾ ಕಾಗದದ ಮೇಲೆ ದೊಡ್ಡದಾಗಿ ಬೆಲ್ಲಾರಿಯಾ ಎಂದು ಬರೆದು ಅಡಿಗೆರೆ ಎಳೆದಳು.

"ಮಾವ, ಈಗ್ಲೇ ಫೋನ್ ಮಾಡಿ. ನಿಮ್ಮ ಛತ್ರಿ ಪಕ್ಕದಲ್ಲೇ ನಮಗೂ ಒಂದು ಕೇಳೋಣ."

"ಈಗಾ? ಭಾನುವಾರ. ವೋಲ್ಮೆರ್ ಚರ್ಚಿಗೆ ಹೋಗಿರ್ತಾನೆ."

"ಮಧ್ಯಾಹ್ನ ಎರಡು ಗಂಟೆಗಾ?" ಎಂದ ಫೌಸ್ತೊ, ತಟ್ಟೆಯಿಂದ ಕಣ್ಣೆತ್ತದೆ.

"ಬಹಳ ಭಕ್ತಿವಂತ ಅವನು."

ಅಷ್ಟರಲ್ಲಿ ವಿಯೋಲಾ ಅಜ್ಜನ ಜೇಬಿನಿಂದ ಫೋನ್ ತೆಗೆದು, ವೋಲ್ಮೆರ್ ಎಂಬ ಹೆಸರು ಹುಡುಕಿ ಒತ್ತಿ, ಎಲ್ಲರಿಗೂ ಕೇಳುವ ಹಾಗೆ ಕಡುಬಿನ ಪಾತ್ರೆಗೆ ಒರಗಿಸಿ ನಿಲ್ಲಿಸಿದ್ದಳು. ಛತ್ರಿ ಬಾಡಿಗೆಗೆ ಕೊಡುವ ಆ ವೋಲ್ಮೆರ್ ಆಗ ಬಟ್ಟೆ ಬದಲಿಸುವ ಕೋಣೆಗಳಿಗೆ ಬಣ್ಣ ಹೊಡೆಯುತ್ತಿದ್ದ. ಅವನ ಗಂಟಲಿಗೆ ಫೋನಿನ ಅಗತ್ಯವೇ ಇರಲಿಲ್ಲ, ಕಿಟಕಿ ತೆರೆದಿದ್ದರೆ ಸಾಕಿತ್ತು.

"ಯಾರು, ಲಾಂಗಿರಾನೊ ಅರ್ಮಿದೊನಾ? ನೂರು ವರ್ಷ ಆಯಸ್ಸು ಕಣಯ್ಯಾ ನಿಂಗೆ, ಈಗ ತಾನೇ ನೆನೆಸ್ಕೊಂಡೆ! ಮೊದಲ ಸಾಲಿನ ನೋಟರಿ ಚಳಿಗಾಲದಲ್ಲಿ ಹೋಗ್ಬಿಟ್ರು, ಪಾಪ. ಸರದಿ ಪ್ರಕಾರ ಮೊದ್ಲು ನಿನ್ನನ್ನೇ ಕೇಳ್ಬೇಕು. ಇದು ನಾಲ್ಕನೇ ಸಲ ಕೇಳ್ತಿರೋದು. ಈ ಸಲಾನೂ ಬೇಡ ಅಂತೀಯಾ? ಒಂಬತ್ತನೇ ಸಾಲೇ ಸಾಕಾ? ನಮ್ಮಪ್ಪ ಸಾಯೋವಾಗ್ಲೂ ಕೇಳಿದ್ರು, ಆ ಹಂದಿತೊಡೆಯವನು ನೀರಿಗೆ ಅಷ್ಟು ದೂರ ಯಾಕೆ ಕೂರ್ತಾನೆ ಅಂತ."

ಅರ್ಮಿದೊ ಫೋನಿನ ಕಡೆ ಕೈ ಚಾಚಿದ. ಡೆರ್ನಾ ಸೌಟಿನಿಂದ ಆ ಕೈಯನ್ನು ತಡೆದಳು.

"ನಾಲ್ಕು ಸಲ?" ಅವಳು ತಟ್ಟೆಯಿಂದ ತಲೆಯೆತ್ತಿದ್ದಳು. "ನಲವತ್ತೈದು ಬೇಸಿಗೆ ಆ ಸುಡೋ ಮರಳಲ್ಲಿ ಎಂಟು ಸಾಲು ದಾಟಿ ನಡೆದಿದ್ದೀನಿ. ಮುಂದೆ ಕಾಲು ಚಾಚಿ ಕೂತಿರೋ ಹೆಂಗಸರನ್ನ ನೋಡಿ ನನ್ನ ಹೊಟ್ಟೆ ಎಷ್ಟು ಉರೀತಿತ್ತು ಗೊತ್ತಾ? ನೀನು ಹೇಳ್ತಿದ್ದೆ, ಮೊದಲ ಸಾಲಿನವರು ಸಾಯೋದೇ ಇಲ್ಲ ಕಣೇ ಅಂತ!"

"ಗಾಳಿ ಜಾಸ್ತಿ ಅಲ್ಲಿ," ಎಂದ ಅರ್ಮಿದೊ. "ನಿನ್ನ ಕತ್ತಿಗೆ..."

"ನನ್ನ ಕತ್ತಿನ ಸುದ್ದಿ ಬೇಡ." ಡೆರ್ನಾ ಸೌಟು ಕೆಳಗಿಟ್ಟಳು. ಏನೋ ಲೆಕ್ಕ ಹಾಕುವವಳಂತೆ ಅವನ ಕೂದಲನ್ನೇ ನೋಡಿದಳು. "ದಿನಾ ಅಲೆ ತಡೆಯೋಕೆ ಹಾಕಿರೋ ಬಂಡೆಗಳಾಚೆ ಈಜೋಕೆ ಹೋಗ್ತೀನಿ ಅಂತ ಹೋಗ್ತಿದ್ದೆ. ಒದ್ದೆಯಾಗಿ ಬರ್ತಿದ್ದೆ. ನಿನ್ನ ಟವೆಲ್ ಒಗೆಯೋಳು ನಾನು ಅರ್ಮಿದೊ. ಫೌಸ್ತೊ ಟವೆಲಲ್ಲಿ ಬಿಳೀ ಉಪ್ಪು ಕೂತಿರೋದು, ನಿಂದರಲ್ಲಿ ಒಂದು ಹರಳೂ ಇರ್ತಿರಲಿಲ್ಲ. ಉಪ್ಪಿನವನಿಗೆ ಉಪ್ಪು ಅಂಟಲ್ಲ ಅಂದ್ಕೊಂಡಿದ್ದೆ."

"ಅಯ್ಯೋ, ನಮ್ಮ ಛತ್ರಿ ಪಕ್ಕದ ಷವರ್!" ಫೌಸ್ತೊ ಹಣೆ ಬಡಿದುಕೊಂಡ. "ಅದಕ್ಕೇ ನನಗೆ ಈಜು ಕಲಿಸಿದ್ದು ಆ ಲೈಫ್‌ಗಾರ್ಡು. ಅಪ್ಪನಿಗೆ ಪ್ರತೀ ಆಗಸ್ಟಲ್ಲೂ ಕಿವಿನೋವು!"

ಎಲ್ಲರೂ ಅರ್ಮಿದೊನನ್ನು ನೋಡಿದರು. ಅವನು ಮಾತ್ರ ಗೊಟ್ಟಾರ್ದೊನನ್ನು ನೋಡುತ್ತಿದ್ದ. ಇವನೊಬ್ಬ ನಗಲಿ, ಆಗ ಬಾಯಿಗೆ ಬಂದಂತೆ ಬೈದು ಎದ್ದುಹೋಗಬಹುದು ಎಂದು ಕಾಯುತ್ತಿದ್ದ. ಆ ಮನುಷ್ಯ ನಗಲೂ ಇಲ್ಲ.

"ನಮ್ಮ ನಾವಿಕರಲ್ಲೂ ಎಷ್ಟೋ ಜನಕ್ಕೆ ಈಜು ಬರಲ್ಲ ಬೀಗರೇ," ಎಂದ ಗೊಟ್ಟಾರ್ದೊ. "ಬೇಕಾದ್ರೆ ನಾನು ಕಲಿಸ್ತೀನಿ. ಹೊಟ್ಟೆ ಕೆಳಗೆ ಒಂದು ಕೈ ಹಿಡಿದ್ರೆ ಸಾಕು, ತೇಲ್ತೀರ."

ಇದಕ್ಕಿಂತ ಅವನು ಕಡುಬಿನ ಪಾತ್ರೆಯನ್ನೇ ತಲೆಗೆ ಎಸೆದಿದ್ದರೆ ಮೇಲಿತ್ತು.

"ಮಗೂ ಕೈಯಲ್ಲಿ ನಿಮ್ಮ ಗಂಟು! ಬಾಯಲ್ಲಿ ನಿಮ್ಮ ಸಮುದ್ರ! ಹೊಟ್ಟೇಲಿ ನಿಮ್ಮ ರೊಟ್ಟಿ! ಇನ್ನು ನನ್ನ ಹೊಟ್ಟೆ ಕೆಳಗೂ ನಿಮ್ಮ ಕೈಯೇ ಬೇಕಾ?"

ದಾರಿಯೊ ಅಗಿಯುವುದನ್ನು ನಿಲ್ಲಿಸಿದ. ವಿಯೋಲಾ ಅಜ್ಜನ ತೋಳಿನ ಮೇಲಿದ್ದ ಕೈ ತೆಗೆಯಲಿಲ್ಲ. ಬಳೆಯನ್ನು ನೋಡಿದಳು, ಅವನನ್ನು ನೋಡಿದಳು.

"ಅಜ್ಜ, ನಿನಗೆ ಹೊಟ್ಟೆಕಿಚ್ಚಾ?"

ಅರ್ಮಿದೊನ ನಾಲಿಗೆಯ ಮೇಲೆ ಹನ್ನೆರಡು ಸುಳ್ಳುಗಳು ಬಂದು ಸಾಲಾಗಿ ನಿಂತವು, ಒಂದಕ್ಕಿಂತ ಒಂದು ಚೆಂದ. ಅವು ಮೊದಲ ಸಾಲಿನವು. ನಿಜ ಸಿಗಬೇಕಾದರೆ ಅವನು ಅವನ್ನೆಲ್ಲ ದಾಟಿ ಹಿಂದಕ್ಕೆ ಹೋಗಬೇಕಾಯಿತು.

"ಹೌದು ಪುಟ್ಟಿ."

"ನೀರು ಅಂದ್ರೆ ಹೆದ್ರಿಕೆನೂ ಇದ್ಯಾ?"

"ಅದೂ ಇದೆ."

ವಿಯೋಲಾ ಸ್ವಲ್ಪ ಯೋಚಿಸಿದಳು. "ಹಾಗಾದ್ರೆ ಹೊಟ್ಟೆ ಕೆಳಗೆ ನಾನು ಹಿಡೀತೀನಿ. ಮೊಣಕಾಲಷ್ಟೇ ನೀರಲ್ವಾ, ನನಗೆ ಸಾಕಾಗುತ್ತೆ. ಆಳಕ್ಕೆ ಆಮೇಲೆ ಸಮುದ್ರದಜ್ಜನ ಜೊತೆ ಹೋಗ್ತೀನಿ." ಆಮೇಲೆ, ಅನುಮಾನದಿಂದ, "ಯುಗೊಸ್ಲಾವಿಯಾ?"

"ಪೋಸ್ಟ್‌ಕಾರ್ಡಲ್ಲಿ ನೋಡಿದ್ದೀನಿ."

"ಹಲೋ!" ಕಡುಬಿನ ಪಾತ್ರೆಯ ಹತ್ತಿರದಿಂದ ವೋಲ್ಮೆರ್ ಕಿರುಚಿದ. ಅವನು ಇನ್ನೂ ಅಲ್ಲೇ ಇದ್ದ. "ನನ್ನ ಬ್ರಷ್ ಒಣಗ್ತಾ ಇದೆ ಕಣಯ್ಯಾ! ಮೊದಲ ಸಾಲು ಬೇಕಾ ಬೇಡ್ವಾ? ಎಷ್ಟು ಜನ? ಲೈಫ್‌ಗಾರ್ಡಿಗೆ ಹೇಳ್ಬೇಕು, ಈಜು ಬರದೋರು ಎಷ್ಟು ಮಂದಿ?"

ಅರ್ಮಿದೊ ಡೆರ್ನಾಳ ಮಂಡಿಯನ್ನು ನೋಡಿದ. ಫೋನಿನ ಹತ್ತಿರ ಬಾಗಿದ.

"ಬೇಕು. ಬರ್ಕೊ ವೋಲ್ಮೆರ್. ಏಳು ಜನ. ಈಜು ಬರದೋರು ಇಬ್ಬರು. ಒಬ್ಬನಿಗೆ ನಾಲ್ಕು ವರ್ಷ, ಇನ್ನೊಬ್ಬನಿಗೆ ಎಪ್ಪತ್ಮೂರು. ಮತ್ತೆ, ಸಮುದ್ರಕ್ಕೆ ಉಪ್ಪು ಹಾಕಿದ್ದು ನಾನೇ ಅಂತ ನಿಮ್ಮಪ್ಪನ ಹತ್ರ ಹೇಳ್ತಿದ್ದೆನಲ್ಲ, ಅದನ್ನೂ ಹೊಡೆದುಹಾಕು. ನಾನು ಹೋದಾಗ್ಲೇ ಇತ್ತು. ಮೊದಲನೇ ದಿನಾನೇ ಅಲೆ ಬೀಳಿಸಿ, ಒಂದು ಬಾಯಿ ಕುಡಿಸಿತ್ತು."